ಇಂಟರ್‌ವ್ಯೂ ಪಾಸಾಯ್ತು, ಟಿಕೆಟ್ ಈಗಲೇ ಬೇಡ

ಗುಬ್ಬಿಯಲ್ಲಿ ನಮ್ಮ ನೆಂಟರ ಮನೆ ಮದುವೆ. ಹುಡುಗಿಯ ಅಣ್ಣ ಅಮೆರಿಕದಲ್ಲಿ ಕೆಲಸದಲ್ಲಿದ್ದಾನೆ. ಧಾರೆ ಎರೆಯುವ ಹೊತ್ತಿಗೆ ಅವನು ಮಂಟಪದಲ್ಲಿ ಇರಲಿಲ್ಲ. ಚಿಕ್ಕಪ್ಪ ಎತ್ತಿ ಹಿಡಿದಿದ್ದ ಫೋನಿನಲ್ಲಿದ್ದ. ರಜೆ ಸಿಕ್ಕಿತ್ತು, ಟಿಕೆಟ್ ಆಗಿತ್ತು, ತಂಗಿಗೆ ಕಿವಿಯೋಲೆಯನ್ನೂ ತೆಗೆದಿಟ್ಟಿದ್ದ. ಆದರೆ ಮದುವೆಗೆ ಮೂರು ವಾರ ಮುಂಚೆ ಅಮೆರಿಕದ ಪೌರತ್ವದ ಪ್ರತಿಜ್ಞೆ ತೆಗೆದುಕೊಂಡುಬಿಟ್ಟಿದ್ದ. ಅವತ್ತೇ ಗ್ರೀನ್ ಕಾರ್ಡ್ ವಾಪಸ್ ಕೊಟ್ಟಾಗಿತ್ತು. ಹೊಸ ಪಾಸ್‌ಪೋರ್ಟ್ ಬಂದಿರಲಿಲ್ಲ. ಕೈಯಲ್ಲಿದ್ದ ಭಾರತದ ಪಾಸ್‌ಪೋರ್ಟಿಗೆ ಇನ್ನೂ ಆರು ವರ್ಷ ಅವಧಿ ಇತ್ತು, ಆದರೆ ಅದನ್ನು ಬಳಸುವ ಹಕ್ಕು ಅವನಿಗೆ ಉಳಿದಿರಲಿಲ್ಲ.

ತುಮಕೂರಿನಲ್ಲಿ ನಮ್ಮ ಎಸ್.ಎಸ್. ಪುರಂ ಕಡೆ ಅಮೆರಿಕದಲ್ಲಿ ಮಕ್ಕಳಿರುವ ಮನೆಗಳು ಜಾಸ್ತಿ. ಅಲ್ಲಿನ ಪೌರತ್ವ ಕೇಳುವ ಎನ್-400 ಅರ್ಜಿಯನ್ನು ಎಲ್ಲರೂ ಚೆನ್ನಾಗಿಯೇ ತುಂಬುತ್ತಾರೆ. ಅಲ್ಲಿನ ಇತಿಹಾಸದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ಇಂಟರ್‌ವ್ಯೂ ಪಾಸಾಗುತ್ತಾರೆ. ಎಡವುವುದು ಅದರ ನಂತರ. ನನ್ನ ಮಗಳದ್ದು ಆದಾಗ ಒಂದೊಂದು ಹಂತವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಆಮೇಲೆ ಪರಿಚಯದವರು ಬಂದು ಕೇಳುತ್ತಲೇ ಇದ್ದಾರೆ. ಹಾಗಾಗಿ ಅಲ್ಲಿರುವ ಮಕ್ಕಳಿಗೂ ಇಲ್ಲಿ ಕಾಯುತ್ತಿರುವ ಅಪ್ಪ ಅಮ್ಮಂದಿರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಇಂಟರ್‌ವ್ಯೂ ಮುಗಿದ ಮೇಲೆ

ಅವತ್ತು ಅಧಿಕಾರಿ ಎನ್-652 ಅನ್ನುವ ಒಂದು ಹಾಳೆ ಕೊಡುತ್ತಾರೆ. ಪಾಸೋ, ಇನ್ನೂ ಕಾಗದ ಬೇಕೋ ಅಂತ ಅದರಲ್ಲಿ ಗುರುತು ಹಾಕಿರುತ್ತಾರೆ. ಪಾಸ್ ಅಂತ ಇದ್ದರೂ ಇನ್ನೂ ಪೌರತ್ವ ಬಂದಿಲ್ಲ. ಪ್ರತಿಜ್ಞೆ ಆಗುವವರೆಗೆ ನಿಮ್ಮ ಮಗ ಭಾರತದ ಪ್ರಜೆಯೇ, ಗ್ರೀನ್ ಕಾರ್ಡ್ ಇರುವವನೇ. ಇದೊಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಕೆಲವು ಕಡೆ ಅದೇ ದಿನ ಪ್ರತಿಜ್ಞೆ ಮಾಡಿಸಿಬಿಡುತ್ತಾರೆ. ಬೇರೆ ಕಡೆ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯಬೇಕು. ಕಾಯುವಾಗ ಮನೆ ಬದಲಾಯಿಸಿದರೆ 10 ದಿನದೊಳಗೆ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕು. ಪೋಸ್ಟ್ ಆಫೀಸಿಗೆ ಮಾತ್ರ ಹೇಳಿದರೆ ಸಾಲದು. ಇಂಟರ್‌ವ್ಯೂ ಆಗಿ 120 ದಿನ ಕಳೆದರೂ ಇಲಾಖೆ ತೀರ್ಮಾನ ಕೊಡದಿದ್ದರೆ ಅಲ್ಲಿನ ಜಿಲ್ಲಾ ಕೋರ್ಟಿಗೆ ಹೋಗುವ ಹಕ್ಕಿದೆ. ಅಂಥ ಹೊತ್ತಿನಲ್ಲಿ ವಕೀಲರಿಗೆ ದುಡ್ಡು ಕೊಟ್ಟರೆ ಅದಕ್ಕೊಂದು ಅರ್ಥ ಇದೆ. "ಪ್ರತಿಜ್ಞೆ ದಿನ ಬೇಗ ಹಾಕಿಸಿಕೊಡ್ತೀವಿ" ಅನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದು ಅವರ ಕೈಯಲ್ಲಿಲ್ಲ.

ಎನ್-445 ಬಂದಾಗ

ಪ್ರತಿಜ್ಞೆಯ ದಿನ, ಜಾಗ ತಿಳಿಸುವ ಪತ್ರ ಇದು. ಜೊತೆಗೆ ಕೆಲವು ಪ್ರಶ್ನೆಗಳಿರುತ್ತವೆ. ಇಂಟರ್‌ವ್ಯೂ ಆದಮೇಲೆ ಮದುವೆ ಆಯಿತೇ, ಡೈವೋರ್ಸ್ ಆಯಿತೇ, ದೇಶದ ಹೊರಗೆ ಹೋಗಿದ್ದಿರೇ, ಪೊಲೀಸರಿಂದ ಏನಾದರೂ ಕೇಸ್ ಬಿತ್ತೇ ಅಂತ. ಟ್ರಾಫಿಕ್ ದಂಡವೂ ಇದರಲ್ಲಿ ಸೇರುತ್ತದೆ. ಇದನ್ನು ಪತ್ರ ಬಂದ ದಿನವೇ ತುಂಬಬೇಡಿ. ಪ್ರತಿಜ್ಞೆಗೆ ಹೊರಡುವ ದಿನ ತುಂಬಿ. ಅಲ್ಲಿಯವರೆಗೆ ಆದದ್ದೆಲ್ಲ ಸೇರಬೇಕು, ಅಲ್ವಾ? ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಎಲ್ಲಕ್ಕಿಂತ ಕಷ್ಟದ ಹಂತ: ಪ್ರತಿಜ್ಞೆಗೂ ಊರಿಗೂ ನಡುವೆ

ಗುಬ್ಬಿ ಮದುವೆಯಲ್ಲಿ ಆದದ್ದು ಇದೇ ಹಂತದಲ್ಲಿ. ಪ್ರತಿಜ್ಞೆಯ ದಿನ ಗ್ರೀನ್ ಕಾರ್ಡನ್ನು ಅಲ್ಲೇ ತೆಗೆದುಕೊಳ್ಳುತ್ತಾರೆ. ಅದರ ಬದಲು ಪೌರತ್ವದ ಸರ್ಟಿಫಿಕೇಟ್ ಕೊಡುತ್ತಾರೆ. ಆ ಸರ್ಟಿಫಿಕೇಟ್ ಹಿಡಿದು ವಿಮಾನ ಹತ್ತಲು ಆಗುವುದಿಲ್ಲ. ಅಮೆರಿಕದ ಪೌರರು ಆ ದೇಶದಿಂದ ಹೊರಡಲೂ ಒಳಗೆ ಬರಲೂ ಅಲ್ಲಿನ ಪಾಸ್‌ಪೋರ್ಟೇ ಬೇಕು.

ಇನ್ನು ಭಾರತದ ಪಾಸ್‌ಪೋರ್ಟ್. ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ತಾವಾಗಿಯೇ ಬೇರೆ ದೇಶದ ಪೌರತ್ವ ತೆಗೆದುಕೊಂಡವರ ಭಾರತದ ಪೌರತ್ವ ಮುಗಿಯುತ್ತದೆ. ಎರಡೂ ಇಟ್ಟುಕೊಳ್ಳಲು ನಮ್ಮಲ್ಲಿ ಅವಕಾಶ ಇಲ್ಲ. ಹಾಗಾಗಿ ಪ್ರತಿಜ್ಞೆ ಆದಮೇಲೆ ಹಳೆ ಪಾಸ್‌ಪೋರ್ಟಿನಲ್ಲಿ ಓಡಾಡುವುದು 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ತಪ್ಪು. "ಒಂದೇ ಒಂದು ಸಲ ಬಂದು ಹೋಗಲಿ, ಯಾರು ನೋಡ್ತಾರೆ" ಅನ್ನುವ ಸಲಹೆ ನಮ್ಮೂರಿನಲ್ಲಿ ಧಾರಾಳವಾಗಿ ಸಿಗುತ್ತದೆ. ದಯವಿಟ್ಟು ಕೇಳಬೇಡಿ. ಮುಂದೆ ಆ ಪಾಸ್‌ಪೋರ್ಟನ್ನು ಒಪ್ಪಿಸುವಾಗ ಅದರಲ್ಲಿರುವ ಮುದ್ರೆಗಳೇ ಸಾಕ್ಷಿ ಹೇಳುತ್ತವೆ.

ಹಾಗಾದರೆ ಮದುವೆಯೋ ತಿಥಿಯೋ ಗೃಹಪ್ರವೇಶವೋ ಹತ್ತಿರ ಇದ್ದರೆ ಏನು ಮಾಡುವುದು? ನನ್ನ ಸಲಹೆ ಒಂದೇ. ಪ್ರತಿಜ್ಞೆಗೆ ಮುಂಚೆಯೇ ಬಂದು ಹೋಗಿ. ಆಗ ಭಾರತದ ಪಾಸ್‌ಪೋರ್ಟೂ ಗ್ರೀನ್ ಕಾರ್ಡೂ ಎರಡೂ ಕೈಯಲ್ಲಿರುತ್ತವೆ. ವೀಸಾ ಗೊಡವೆ ಇಲ್ಲ. ಹತ್ತು ಹದಿನೈದು ದಿನದಲ್ಲಿ ವಾಪಸ್ ಹೋಗಿ, ಪ್ರಯಾಣದ ವಿಷಯವನ್ನು ಎನ್-445ರಲ್ಲಿ ಬರೆದರೆ ಆಯಿತು.

ದಿನಾಂಕ ಆಗಲೇ ಬಂದಿದೆ, ಮದುವೆಯೂ ಅದೇ ತಿಂಗಳು ಇದೆ ಅಂದರೆ ಪ್ರತಿಜ್ಞೆಯನ್ನು ಮುಂದಕ್ಕೆ ಹಾಕಿಸಿಕೊಳ್ಳಬಹುದು. ಕಾರಣ ಬರೆದ ಪತ್ರದ ಜೊತೆ ಎನ್-445 ಅನ್ನು ಅಲ್ಲಿನ ಕಚೇರಿಗೆ ವಾಪಸ್ ಕಳಿಸಬೇಕು. ಹೇಳದೆ ಕೇಳದೆ ಗೈರುಹಾಜರಾಗಬೇಡಿ. ಸರಿಯಾದ ಕಾರಣ ಇಲ್ಲದೆ ಒಂದಕ್ಕಿಂತ ಹೆಚ್ಚು ಸಲ ತಪ್ಪಿಸಿಕೊಂಡರೆ ಅರ್ಜಿಯನ್ನೇ ಬಿಟ್ಟಿದ್ದೀರಿ ಅಂತ ತಿಳಿಯುತ್ತಾರೆ.

ಪ್ರತಿಜ್ಞೆ ಆಗಿಯೇ ಹೋಗಿದ್ದರೆ ಕ್ರಮ ಹೀಗೆ. ಮೊದಲು ಅಮೆರಿಕದ ಪಾಸ್‌ಪೋರ್ಟ್. ಡಿಎಸ್-11 ಅರ್ಜಿಯನ್ನು ಖುದ್ದಾಗಿ ಹೋಗಿ ಕೊಡಬೇಕು, ಜೊತೆಗೆ ಅಸಲಿ ಸರ್ಟಿಫಿಕೇಟನ್ನೂ ಕೊಡಬೇಕು. ಅದು ಬೇರೆ ಕವರಿನಲ್ಲಿ ನಿಧಾನವಾಗಿ ವಾಪಸ್ ಬರುತ್ತದೆ. ಕೊಡುವ ಮುಂಚೆ ಎರಡೂ ಬದಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಬಂದಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಕ್ಯಾನ್ಸಲ್ ಮಾಡಿದ ಹಳೆ ಪಾಸ್‌ಪೋರ್ಟ್ ವಾಪಸ್ ಕೊಡುತ್ತಾರೆ. ಅದನ್ನು ಎಸೆಯಬೇಡಿ, ಮುಂದೆ ಬೇಕಾಗುತ್ತದೆ. ಆಮೇಲೆ ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಒಸಿಐ ಕಾರ್ಡಿಗೆ ಅರ್ಜಿ. ಈ ಮೂರೂ ಸೇರಿ ವಾರಗಳ ಲೆಕ್ಕದಲ್ಲಿ ಹೋಗುತ್ತವೆ, ದಿನಗಳ ಲೆಕ್ಕದಲ್ಲಲ್ಲ. ಆದ್ದರಿಂದ ಊರಿನಲ್ಲಿರುವ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ: ಪ್ರತಿಜ್ಞೆಯ ದಿನ ಗೊತ್ತಾದಮೇಲೆ ಮುಂದಿನ ಮೂರು ತಿಂಗಳು ಮಗ ಬಂದು ನಿಲ್ಲಲೇಬೇಕಾದ ಯಾವ ಮುಹೂರ್ತವನ್ನೂ ಇಟ್ಟುಕೊಳ್ಳಬೇಡಿ.

ಹೊಸ ಪಾಸ್‌ಪೋರ್ಟ್ ಇದೆ, ಒಸಿಐ ಮಾತ್ರ ಬಂದಿಲ್ಲ, ತುರ್ತಾಗಿ ಬರಬೇಕು ಅಂದರೆ ಇ-ವೀಸಾ ಇದೆ. ಆಗಲೂ ಸರೆಂಡರ್ ಕೆಲಸ ಮೊದಲು ಮುಗಿಸಿರಿ. ಸರ್ಕಾರದ್ದೇ ಅನ್ನಿಸುವ ಹಾಗೆ ಕಾಣುವ ಖಾಸಗಿ ವೆಬ್‌ಸೈಟುಗಳು ಬೇಕಾದಷ್ಟಿವೆ, ದುಪ್ಪಟ್ಟು ದುಡ್ಡು ಕೀಳುತ್ತವೆ. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯೇ ನೋಡಿ, ಇಲ್ಲದಿದ್ದರೆ ಮುಚ್ಚಿಬಿಡಿ.

ಹೆಸರಿನ ಗೋಜಲು

ನಮ್ಮ ಕಡೆಯವರಿಗೆ ಇದು ಜಾಸ್ತಿ ಕಾಡುತ್ತದೆ. ನಮಗೆ ಸರ್‌ನೇಮ್ ಅನ್ನುವುದೇ ಇಲ್ಲ. ಊರಿನ ಹೆಸರಿಗೊಂದು, ಅಪ್ಪನ ಹೆಸರಿಗೊಂದು ಇನಿಷಿಯಲ್, ಆಮೇಲೆ ನಮ್ಮ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ಅಮೆರಿಕದ ವೀಸಾದಲ್ಲಿ ನಮ್ಮ ಹೆಸರೇ ಸರ್‌ನೇಮ್ ಆಗುತ್ತದೆ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅನ್ನುವ ಮೂರು ಅಕ್ಷರ ಕೂರುತ್ತವೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಪಾಪ, ವರ್ಷಗಟ್ಟಲೆ ಮಕ್ಕಳು ಅದೇ ಹೆಸರಿನಲ್ಲಿ ಬದುಕಿರುತ್ತಾರೆ.

ಎನ್-400ರಲ್ಲೇ ಹೆಸರು ಬದಲಾಯಿಸಿಕೊಳ್ಳಲು ಅವಕಾಶ ಇದೆ. ಒಳ್ಳೆಯದೇ. ಆದರೆ ಹಾಗೆ ಕೇಳಿದವರ ಪ್ರತಿಜ್ಞೆ ಕೋರ್ಟಿನಲ್ಲಿ ನಡೆಯಬೇಕು, ಅದಕ್ಕೆ ಕಾಯುವುದು ಇನ್ನೂ ಹೆಚ್ಚಾಗಬಹುದು. ಆ ಹೆಸರು ಬದಲಾವಣೆಯ ಕೋರ್ಟ್ ಕಾಗದವನ್ನು ಜೋಪಾನ ಮಾಡಿ. ಒಸಿಐ ಅರ್ಜಿಯಲ್ಲಿ ಹಳೆ ಪಾಸ್‌ಪೋರ್ಟಿನ ಹೆಸರೊಂದು, ಹೊಸದರ ಹೆಸರೊಂದು ಆದಾಗ ಅದೇ ಕೈ ಹಿಡಿಯುವುದು.

ಪ್ರತಿಜ್ಞೆ ಮುಗಿದ ತಕ್ಷಣ ಫೋಟೊ ತೆಗೆಸಿಕೊಳ್ಳಲು ಓಡಬೇಡಿ. ಕುರ್ಚಿಯಲ್ಲೇ ಕೂತು ಸರ್ಟಿಫಿಕೇಟ್ ಓದಿ. ಹೆಸರಿನ ಒಂದೊಂದು ಅಕ್ಷರ, ಹುಟ್ಟಿದ ದಿನ, ತಿಂಗಳು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಹಾಗಾಗಿ ದಿನ ತಿಂಗಳು ಅದಲು ಬದಲಾಗಿದೆಯೇ ನೋಡಿ. ತಪ್ಪಿದ್ದರೆ ಅಲ್ಲೇ ಹೇಳಿ. ಬಾಗಿಲು ದಾಟಿದಮೇಲೆ ಎನ್-565 ಅನ್ನುವ ಇನ್ನೊಂದು ಅರ್ಜಿ, ಇನ್ನೊಂದು ಕಾಯುವಿಕೆ.

ಹುಟ್ಟಿದ ಊರಿನದ್ದೂ ಒಂದು ವಿಷಯ ಇದೆ. ನಮ್ಮೂರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ತುಮ್ಕೂರ್ ಹೋಗಿ ತುಮಕೂರು ಆಯಿತು. ಹಳೆ ಪಾಸ್‌ಪೋರ್ಟಿನಲ್ಲಿ ಹಳೆಯದೇ ಇರುತ್ತದೆ. ಒಸಿಐ ಅರ್ಜಿಯಲ್ಲಿ ಹಳೆ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯಿರಿ. ಅಭಿಮಾನಕ್ಕೆ ಹೊಸದು ಬರೆಯಲು ಹೋಗಬೇಡಿ.

ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಬೇಡವೇ ಬೇಡ. ಪರಿಚಯದ ಒಬ್ಬರು ಮಗ ತಂದಿದ್ದ ಅಸಲಿಯನ್ನು ಪ್ರೀತಿಯಿಂದ ಬಿ.ಎಚ್. ರಸ್ತೆಯ ಅಂಗಡಿಗೆ ಒಯ್ದು ಪ್ಲಾಸ್ಟಿಕ್ ಹಾಕಿಸಿಕೊಂಡು ಬಂದರು. ಒಂದು ಮೂಲೆಯಲ್ಲಿ ಗಾಳಿಗುಳ್ಳೆ ಎದ್ದು, ಕೆಳಗಿನ ಸಹಿ ಸುಕ್ಕಾಗಿತ್ತು. ಕಾಗದ, ಮುದ್ರೆ ಮುಟ್ಟಿ ನೋಡಬೇಕಾದವರಿಗೆ ಇನ್ನು ಅದನ್ನು ತೋರಿಸುವುದು ಹೇಗೆ? ದಪ್ಪ ರಟ್ಟಿನ ಫೈಲಿನಲ್ಲಿ, ಬಿಡಿಯಾಗಿ ಇಡಿ. ಫೋನಿನಲ್ಲಿ ಇದೆಯಲ್ಲ ಅಂತ ಸುಮ್ನಿರಬೇಡಿ, ನನ್ನ ಪ್ರಕಾರ ಕಾಗದದ ಎರಡು ಪ್ರತಿ ಇರಲೇಬೇಕು, ಅದರಲ್ಲಿ ಒಂದು ಊರಿನ ಬೀರುವಿನಲ್ಲಿ.

ಗ್ರೀನ್ ಕಾರ್ಡ್ ಇದ್ದು, ಅಪ್ಪ ಅಮ್ಮನ ಜೊತೆಗೇ ಅಲ್ಲಿ ಇರುವ 18 ವರ್ಷದೊಳಗಿನ ಮಕ್ಕಳು ಅಪ್ಪ ಅಥವಾ ಅಮ್ಮನ ಪ್ರತಿಜ್ಞೆಯೊಂದಿಗೆ ತಾವಾಗಿಯೇ ಅಲ್ಲಿನ ಪೌರರಾಗುತ್ತಾರೆ. ಅವರ ಭಾರತದ ಪಾಸ್‌ಪೋರ್ಟನ್ನೂ ಮರೆಯದೆ ಒಪ್ಪಿಸಬೇಕು.

ಊರಿನಲ್ಲಿ ಆಗಬೇಕಾದ್ದು

"ಪ್ರತಿಜ್ಞೆಗೆ ಮುಂಚೆ ತೆಂಗಿನ ತೋಟವನ್ನ ಮಗನ ಹೆಸರಿಗೆ ದಾನಪತ್ರ ಮಾಡಿಬಿಡೋಣ ಅಕ್ಕಾ" ಅಂತ ತಿಪಟೂರು ಕಡೆಯವರೊಬ್ಬರು ಕೇಳಿದ್ದರು. ಅವಸರದಿಂದ ಪ್ರಯೋಜನ ಇಲ್ಲ. ವಿದೇಶದಲ್ಲಿ ನೆಲೆಸಿರುವ ಭಾರತೀಯರಿಗೂ ಒಸಿಐ ಇರುವವರಿಗೂ ನಿಯಮ ಒಂದೇ. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಆದರೆ ವಾರಸುದಾರಿಕೆಯಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಆದ್ದರಿಂದ ದಾನಪತ್ರದ ಬದಲು ಒಳ್ಳೆಯ ವಕೀಲರ ಹತ್ತಿರ ಕೂತು ಸರಿಯಾದ ಒಂದು ವಿಲ್ ಬರೆಸಿ. ಸೈಟು, ಮನೆಯ ವಿಷಯದಲ್ಲಿ ಇಷ್ಟು ಕಟ್ಟುಪಾಡಿಲ್ಲ.

ಬ್ಯಾಂಕಿನವರಿಗೆ ಹೊಸ ಪಾಸ್‌ಪೋರ್ಟ್, ಒಸಿಐ ಪ್ರತಿ ಕೊಡಿಸಿ. ಪ್ಯಾನ್ ಹಾಗೆಯೇ ಇರುತ್ತದೆ.

ಕೊನೆಯದು ಮತದಾರರ ಪಟ್ಟಿ. ಒಸಿಐ ಇದ್ದರೂ ಇಲ್ಲಿ ಓಟಿನ ಹಕ್ಕಿಲ್ಲ. ನನ್ನ ಮಗಳ ಹೆಸರು ನಮ್ಮ ವಾರ್ಡಿನ ಪಟ್ಟಿಯಲ್ಲಿ, ನನ್ನ ಹೆಸರಿನ ಕೆಳಗೇ ಇತ್ತು. ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಮನೆಗೆ ಬಂದಾಗ, ಪಟ್ಟಿಯಿಂದ ಹೆಸರು ತೆಗೆಸುವ ಫಾರಂ 7 ಕೇಳಿ ಇಸಿದುಕೊಂಡೆ. ಮೇಜಿನ ಮೇಲೆ ಅದನ್ನು ಎರಡು ದಿನ ಹಾಗೇ ಇಟ್ಟಿದ್ದೆ. ಮೂರನೆಯ ದಿನ ಅವಳಿಗೆ ಫೋನ್ ಮಾಡಿ ಹೇಳಿ, ತುಂಬಿ ಕೊಟ್ಟುಬಂದೆ.