ಪಟ್ಟೆ ಬೀಳದ ಚಿತ್ರ, ಸದ್ದಿಲ್ಲದ ಶಟರ್: ನನ್ನ ಅನುಭವ

ಸಿಂಕ್ ಸೌಂಡ್, ಅಂದರೆ ಮಾತನ್ನು ಸ್ಥಳದಲ್ಲೇ ಮುದ್ರಿಸುವ ಸಿನಿಮಾ ಸೆಟ್ಟಿನಲ್ಲಿ ಟೇಕ್ ನಡೆಯುವಾಗಲೇ ನಿರ್ದೇಶಕರ ಮುಖದ ಫೋಟೋ ತೆಗೀಬೇಕು, ಅದೂ ಸದ್ದು ಮಾಡದೆ ಸಾಲುಸಾಲಾಗಿ ಬೆಳಕು ಓದುವ ಎಲೆಕ್ಟ್ರಾನಿಕ್ ಶಟರಿನಲ್ಲಿ ಅಂದಾಗ ಮುಂಬಯಿಯ ಗೋರೆಗಾಂವ್ ಫಿಲ್ಮ್ ಸಿಟಿಯ ಹಳಬರು 'ಪಟ್ಟೆ ಬೀಳುತ್ತೆ, ಬಿಡು' ಅಂದಿದ್ದರು. ಬೀಳುತ್ತಿತ್ತು ನಿಜ. ಈಗ ಬೀಳುತ್ತಿಲ್ಲ.

ನಾನು ಮೊದಲು ಅನುಮಾನಪಟ್ಟದ್ದು ದೊಡ್ಡ ಎಲ್‌ಇಡಿ ಪ್ಯಾನೆಲ್‌ಗಳನ್ನು. ಸಿನಿಮಾಕ್ಕೆಂದೇ ಮಾಡಿದ ದೀಪಗಳು ಸಾಮಾನ್ಯವಾಗಿ ತೊಂದರೆ ಕೊಡೋದಿಲ್ಲ. ಕೊಡುವುದು ಆರ್ಟ್ ಡಿಪಾರ್ಟ್‌ಮೆಂಟಿನವರು ಸೆಟ್ಟಿನ ಅಡುಗೆಮನೆಗೆ ನೇತುಹಾಕುವ ಅಗ್ಗದ ಬಲ್ಬು. ಕರೆಂಟು 50 ಹರ್ಟ್ಸ್, ಬಲ್ಬಿನ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತೆ. ಶಟರ್ ವೇಗ 1/125 ಸೆಕೆಂಡ್ ಇಟ್ಟರೆ ಸೆನ್ಸರಿನ ಒಂದು ಸಾಲಿಗೆ ಹೆಚ್ಚು ಬೆಳಕು, ಇನ್ನೊಂದಕ್ಕೆ ಕಡಿಮೆ. ಅದೇ ಪಟ್ಟೆ. 1/50ರಲ್ಲಿ ಎರಡು ಏರಿಳಿತ ಪೂರ್ತಿ ಸೇರಿ ಎಲ್ಲ ಸಾಲಿಗೂ ಸಮ ಬೆಳಕು. ಸಿನಿಮಾ ಕ್ಯಾಮೆರಾಮನ್ನರು ಸೆಕೆಂಡಿನ 24 ಫ್ರೇಮಿಗೆ ಶಟರ್ ಆಂಗಲ್ (ಫ್ರೇಮಿನ ಎಷ್ಟು ಪಾಲು ಹೊತ್ತು ಶಟರ್ ತೆರೆದಿರುತ್ತೆ ಅನ್ನುವ ಅಳತೆ) 172.8 ಡಿಗ್ರಿ ಇಡುವುದೂ 1/50 ಸಿಗಲೆಂದೇ. ನಾನೂ 1/50ಕ್ಕೆ ಇಳಿದೆ: 35 ಎಂಎಂ ಲೆನ್ಸ್, ಎಫ್ 2, ಐಎಸ್‌ಒ 3200ರ ಆಸುಪಾಸು. ಮಾನಿಟರ್ ನೋಡುವ ನಿರ್ದೇಶಕರ ಮುಖ ಕಟ್ ಅನ್ನುವತನಕ ಅಲುಗೋದಿಲ್ಲ, ಬೆರಳು ಮಾತ್ರ ಆಡುತ್ತಿರುತ್ತೆ. ಆ ಬೆರಳಿನ ಮಸುಕೇ ಚಿತ್ರದ ಜೀವ.

ಡಿಮ್ಮರಿಗೆ ಹಾಕಿದ ಎಲ್‌ಇಡಿ ಸ್ಟ್ರಿಪ್‌ಗೆ ಇಷ್ಟು ಸಾಲದು; ಅದರ ಮಿನುಗು ಕರೆಂಟಿನ ಲೆಕ್ಕಕ್ಕೆ ಸಿಗೋದಿಲ್ಲ. ಅಲ್ಲಿ ಶಟರ್ ವೇಗವನ್ನು ದಶಾಂಶದಲ್ಲಿ ತಿರುಗಿಸಬಲ್ಲ ಕ್ಯಾಮೆರಾ ಬಾಡಿ ಬೇಕು. ಸರಿಯಾದ ಅಂಕೆ ಅರ್ಧ ನಿಮಿಷದಲ್ಲಿ ಸಿಗುವ ಉಪಾಯ ಒಂದಿದೆ, ಅದು ನನ್ನಲ್ಲೇ ಇರಲಿ. ಎಡಿಟ್ ರೂಮಿನಲ್ಲಿ ಮಾನಿಟರ್ 60 ಹರ್ಟ್ಸ್ ಇದ್ದರೆ 1/60 ಅಥವಾ 1/30.

ದುಡ್ಡು ಹೋದದ್ದು ಬ್ಲಿಂಪಿಗೆ, ಅಂದರೆ ಕ್ಯಾಮೆರಾ ಸದ್ದು ಹೊರಬರದ ಹಾಗೆ ಮುಚ್ಚುವ ಕವಚಕ್ಕೆ. ಹಳೇ ಡಿಎಸ್‌ಎಲ್‌ಆರ್ ಸದ್ದಡಗಿಸಲು ತೊಂಬತ್ತು ಸಾವಿರದ ಹತ್ತಿರ ಸುರಿದೆ. ಒಂದೂವರೆ ಕಿಲೋ ಭಾರ, ಮೇಲಾಗಿ ಪಿಸುಮಾತಿನ ದೃಶ್ಯದಲ್ಲಿ ಕ್ಯಾಮೆರಾದೊಳಗಿನ ಕನ್ನಡಿ ಬಡಿಯುವ ಸದ್ದು, ಕೋಲಿಗೆ ಕಟ್ಟಿ ನಟರ ತಲೆಮೇಲೆ ಹಿಡಿಯುವ ಬೂಮ್ ಮೈಕಿಗೆ ಸಿಕ್ಕೇ ಸಿಕ್ಕಿತು. ಅದನ್ನು ಅರ್ಧ ಬೆಲೆಗೆ ಮಾರಿ, ಮೇಲೆ ಐವತ್ತು ಸಾವಿರ ಚಿಲ್ಲರೆ ಹಾಕಿ ಒಳಗೆ ಕನ್ನಡಿಯೇ ಇಲ್ಲದ ಸೆಕೆಂಡ್‌ಹ್ಯಾಂಡ್ ಮಿರರ್‌ಲೆಸ್ ಕ್ಯಾಮೆರಾ ಕೊಂಡೆ. ಈಗ ಸೌಂಡ್ ರೆಕಾರ್ಡಿಸ್ಟರು ನನ್ನತ್ತ ತಿರುಗಿಯೂ ನೋಡುವುದಿಲ್ಲ.

ನಿಲ್ಲುವ ಜಾಗ ನಟರ ಐಲೈನಿನಲ್ಲಿ, ಅಂದರೆ ಅವರ ನೋಟದ ದಾರಿಯಲ್ಲಿ, ಇರಕೂಡದು. ಕಪ್ಪು ಅಂಗಿ ಹಾಕಿ, ಕ್ಯಾಮೆರಾ ಹಿಂಬದಿಯ ಸ್ಕ್ರೀನಿಗೆ ಟೇಪ್ ಹಚ್ಚಿ, ರಿಹರ್ಸಲ್‌ಗೆ ಮುಂಚೆಯೇ ನಿಂತುಬಿಡಬೇಕು. ದೀಪ ಹೊರುವ ಲೈಟ್ ದಾದಾ, ಸೆಟ್ಟಿನ ಓಡಾಟ ನೋಡುವ ಸ್ಪಾಟ್ ದಾದಾಗಳಿಗೆ ಮೂರನೇ ದಿನವೇ ಅವರವರ ಪ್ರಿಂಟ್ ಕೊಡುತ್ತೇನೆ. ಶೆಡ್ಯೂಲಿಗೆ ಎರಡು ಸಾವಿರ ಖರ್ಚು, ಆದರೆ ಜಾಗ ತಾನಾಗೇ ಸಿಗುತ್ತೆ.

ಇನ್ನೊಂದು ಪ್ರಯೋಗ ನಡೀತಿದೆ. ನಮ್ಮ ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿ ಇದೇ ಮುಂಬಯಿಯಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಂದವರು. ವರ್ಸೋವಾದ ಆರಾಮ್ ನಗರದ ಬಂಗಲೆ ಆಫೀಸುಗಳಲ್ಲಿ ಸ್ಕ್ರಿಪ್ಟ್ ಓದುವ ನಿರ್ದೇಶಕರ ಮುಖಕ್ಕೆ ಬಿಸಿಲು ಬೀಳುವಂತೆ ನಾನು ಸಹಾಯಕನಿಂದ ಎರಡಡಿ ಕನ್ನಡಿ ಹಿಡಿಸುತ್ತಿದ್ದೇನೆ. ಸೂರ್ಯ ಸರಿದಂತೆ ಹನ್ನೆರಡು ಅಡಿ ದೂರದಲ್ಲಿ ಬೆಳಕು ಐದು ನಿಮಿಷಕ್ಕೆ ನಾಲ್ಕು ಬೆರಳು ಜಾರುತ್ತೆ, ಕೆನ್ನೆಯಿಂದ ಕಿವಿಗೆ. ಆಗ ಕನ್ನಡಿ ಹಿಡಿದವನೇ ಕೂದಲೆಳೆಯಷ್ಟು ತಿರುಗಿಸಬೇಕು. ಸ್ಟ್ಯಾಂಡಿಗೆ ಬಿಗಿದರೆ ಕೆಟ್ಟಿತು.