ತುಂಬಿದ ವಿಮಾನಕ್ಕೂ ಅಸಲು ಗಿಟ್ಟದಿದ್ದಾಗ: ಅಗ್ಗದ ಏರ್‌ಲೈನ್‌ನ ಲೆಕ್ಕ ಓದುವುದು ಹೇಗೆ

ಅಗ್ಗದ ಏರ್‌ಲೈನ್ ಗಟ್ಟಿಯಾಗಿದೆಯೇ ಎಂದು ತಿಳಿಯಲು ಟಿಕೆಟ್ ದರ ನೋಡಿ ಪ್ರಯೋಜನವಿಲ್ಲ, ಸೀಟು ತುಂಬಿದೆಯೇ ಎಂದು ನೋಡಿದರೂ ಸಾಲದು. ಒಂದು ಸೀಟನ್ನು ಒಂದು ಕಿಲೋಮೀಟರ್ ಒಯ್ಯಲು ತಗಲುವ ಖರ್ಚೆಷ್ಟು, ಅದರಿಂದ ಬರುವ ಹಣವೆಷ್ಟು, ಈ ಎರಡು ಅಂಕಿ ಬೇಕು. ಇದನ್ನು ಕಲಿಯಲು ಬೆಂಗಳೂರಿನದೇ ಆದ ಏರ್ ಡೆಕ್ಕನ್ ಸಾಕು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರ ಆಗಸ್ಟ್‌ನಲ್ಲಿ 48 ಸೀಟಿನ ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನಗಳಿಂದ ಶುರುಮಾಡಿದ ಕಂಪನಿ ಒಂದು ರೂಪಾಯಿ ಟಿಕೆಟ್ಟಿನಿಂದ ಮನೆಮಾತಾಯಿತು. ಐದು ವರ್ಷ ತುಂಬುವ ಹೊತ್ತಿಗೆ ಅದರ ಹೆಸರೂ ಉಳಿದಿರಲಿಲ್ಲ.

ಒಂದು ಹಾರಾಟದ ಲೆಕ್ಕ

ಕಾಗದ, ಪೆನ್ನು ತೆಗೆದುಕೊಳ್ಳಿ. ಬೆಂಗಳೂರು–ಹುಬ್ಬಳ್ಳಿ ಆಕಾಶಮಾರ್ಗ ಸುಮಾರು 360 ಕಿ.ಮೀ. ಎನ್ನೋಣ. 48 ಸೀಟನ್ನು 360ರಿಂದ ಗುಣಿಸಿದರೆ 17,280 ಸೀಟು-ಕಿಲೋಮೀಟರ್. ಇಂಧನ, ಬಾಡಿಗೆ, ಸಿಬ್ಬಂದಿ, ರಿಪೇರಿ ಎಲ್ಲ ಸೇರಿ ಒಂದು ಹಾರಾಟಕ್ಕೆ 1,00,000 ರೂಪಾಯಿ ಎಂದಿಟ್ಟುಕೊಳ್ಳಿ (ಇದು ಲೆಕ್ಕಕ್ಕೆಂದು ಹಿಡಿದ ಅಂಕಿ, ಯಾವ ಕಂಪನಿಯದೂ ಅಲ್ಲ). ಸೀಟು-ಕಿಲೋಮೀಟರ್‌ಗೆ ಖರ್ಚು ಸುಮಾರು 5.79 ರೂಪಾಯಿ.

ಸರಾಸರಿ ಟಿಕೆಟ್ 1,800 ರೂಪಾಯಿ ಆದರೆ? 1,00,000ವನ್ನು 1,800ರಿಂದ ಭಾಗಿಸಿ: 56 ಸೀಟು ಮಾರಬೇಕು. ಇರುವುದೇ 48! ವಿಮಾನ ಕಿಕ್ಕಿರಿದರೂ ಸೀಟು-ಕಿಲೋಮೀಟರ್‌ಗೆ ಬರುವುದು 5 ರೂಪಾಯಿ, ಪ್ರತಿ ಹಾರಾಟಕ್ಕೆ 13,600 ರೂಪಾಯಿ ಕೈಬಿಡುತ್ತದೆ. ಅದೇ ಸರಾಸರಿ 2,500 ಆದರೆ 40 ಸೀಟಿಗೆ ಅಸಲು ಗಿಟ್ಟುತ್ತದೆ, ಅಂದರೆ ಶೇ. 83. ಒಂದು ರೂಪಾಯಿ ಟಿಕೆಟ್ಟೂ ಇಲ್ಲಿಗೇ ಬರಲಿ: ಆರು ಸೀಟು ಹಾಗೆ ಕೊಟ್ಟರೆ, ಉಳಿದ 42ರಿಂದ ತಲಾ 2,381 ರೂಪಾಯಿ ಬರಬೇಕು, ಅದೂ 42ಕ್ಕೆ 42 ಮಾರಿಹೋದರೆ. ಒಂದು ರೂಪಾಯಿ ಟಿಕೆಟ್ ಜಾಹೀರಾತಿನ ಖರ್ಚು ಎಂದು ನೋಡಿದರೆ ಒಳ್ಳೆಯದೇ. ಆದರೆ ಉಳಿದ ಪ್ರಯಾಣಿಕರೂ ಅದೇ ದರಕ್ಕೆ ಕಾದು ಕೂತರೆ ಸರಾಸರಿ ಮೇಲೇಳುವುದಿಲ್ಲ.

ಮುಂದಿನದು ಗಂಟೆಯ ಲೆಕ್ಕ. ವಿಮಾನದ ಬಾಡಿಗೆ ಹಾರಿದರೂ ನಿಂತರೂ ಕೊಡಬೇಕಾದದ್ದು, ಅದೂ ಡಾಲರ್‌ನಲ್ಲಿ. ತಿಂಗಳಿಗೆ ಒಂದೂವರೆ ಕೋಟಿ ರೂಪಾಯಿ ಎಂದಿಟ್ಟುಕೊಂಡರೆ, ದಿನಕ್ಕೆ 8 ಗಂಟೆ ಹಾರುವ ವಿಮಾನಕ್ಕೆ ಗಂಟೆಗೆ 62,500 ರೂಪಾಯಿ ಬೀಳುತ್ತದೆ; 12 ಗಂಟೆ ಹಾರಿಸಿದರೆ 41,667. ಇಳಿದ ವಿಮಾನವನ್ನು 25–30 ನಿಮಿಷದಲ್ಲಿ ಮತ್ತೆ ಹಾರಿಸಲು ಹೆಣಗಾಡುವುದು ಇದಕ್ಕೇ. ಬೆಳಗಿನ ಮೊದಲ ವಿಮಾನ 40 ನಿಮಿಷ ತಡವಾದರೆ ಸಂಜೆಯ ಹೊತ್ತಿಗೆ ಆ ದಿನದ ಒಂದು ಸುತ್ತೇ ತಪ್ಪಿಹೋಗಬಹುದು.

ಡೆಕ್ಕನ್‌ಗೆ ಪೆಟ್ಟು ಬಿದ್ದದ್ದು ಇಲ್ಲೇ. ಆಗ ಹಲವು ಸಣ್ಣ ನಿಲ್ದಾಣಗಳಲ್ಲಿ ರಾತ್ರಿ ಇಳಿಯುವ ಸೌಲಭ್ಯ ಇರಲಿಲ್ಲ. ಕತ್ತಲಾದರೆ ಆ ಮಾರ್ಗ ಬಂದ್. ಜೊತೆಗೆ 180 ಸೀಟಿನ ಏರ್‌ಬಸ್ ಎ320 ಬಂತು. ಎಟಿಆರ್ ಪೈಲಟ್ ಅದನ್ನು ಹಾರಿಸಬೇಕೆಂದರೆ ಬೇರೆ ರೇಟಿಂಗ್ (ಆ ಮಾದರಿ ಹಾರಿಸುವ ಅನುಮತಿ) ಬೇಕು, ಬಿಡಿಭಾಗಗಳ ಉಗ್ರಾಣವೂ ಬೇರೆ. ಸಣ್ಣ ವಿಮಾನಕ್ಕೆ ಒಂದು ಅನುಕೂಲವಿತ್ತು: 40,000 ಕೆಜಿಗಿಂತ ಕಡಿಮೆ ತೂಕದ ವಿಮಾನದ ಇಂಧನಕ್ಕೆ ಮಾರಾಟ ತೆರಿಗೆ ಶೇ. 4, 80ಕ್ಕಿಂತ ಕಡಿಮೆ ಸೀಟಿದ್ದರೆ ಇಳಿಯುವ ಶುಲ್ಕವೂ ಮಾಫಿ. ದೊಡ್ಡ ಜೆಟ್‌ಗೆ ರಾಜ್ಯಗಳ ಪೂರ್ತಿ ತೆರಿಗೆ. ಹಾಗಾಗಿ ಒಂದೇ ಕಂಪನಿಯ ಲೆಕ್ಕ ಓದುವಾಗಲೂ ಎರಡು ಬಗೆಯ ವಿಮಾನಗಳ ಖರ್ಚನ್ನು ಕಲಸಬೇಡಿ. ಯಾವುದು ಸಾಕುತ್ತಿದೆ, ಯಾವುದು ತಿನ್ನುತ್ತಿದೆ ಎಂಬುದು ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ.

2007ರಲ್ಲಿ ವಿಜಯ್ ಮಲ್ಯ ಅವರ ಯುಬಿ ಗುಂಪು ಡೆಕ್ಕನ್‌ನ ಶೇ. 26 ಪಾಲು ಕೊಂಡಿತು. ವಿದೇಶಕ್ಕೆ ಹಾರಲು ಐದು ವರ್ಷದ ದೇಶೀಯ ಅನುಭವ, 20 ವಿಮಾನ ಬೇಕೆಂಬ ನಿಯಮವಿದ್ದ ಕಾಲ ಅದು. 2005ರಲ್ಲಿ ಹುಟ್ಟಿದ ಮಲ್ಯರ ಏರ್‌ಲೈನ್ ಕಿಂಗ್‌ಫಿಷರ್‌ಗೆ ಆ ಅರ್ಹತೆ ಇರಲಿಲ್ಲ, 2008ರ ಆಗಸ್ಟ್‌ಗೆ ಡೆಕ್ಕನ್‌ಗೆ ಐದು ತುಂಬುತ್ತಿತ್ತು. ಆ ಆಗಸ್ಟ್‌ನಲ್ಲೇ ಡೆಕ್ಕನ್ 'ಕಿಂಗ್‌ಫಿಷರ್ ರೆಡ್' ಆಯಿತು, ಸೆಪ್ಟೆಂಬರ್‌ನಲ್ಲಿ ಬೆಂಗಳೂರು–ಲಂಡನ್ ಹಾರಾಟ ಶುರು. ಜುಲೈನಲ್ಲಿ ಕಚ್ಚಾತೈಲ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತ್ತು. 2011ರ ಸೆಪ್ಟೆಂಬರ್‌ನಲ್ಲಿ ರೆಡ್ ಮುಚ್ಚುವ ಘೋಷಣೆ, 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರೇ ನೆಲಕಚ್ಚಿತು. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಮುಡಿಸಿದಂತಾಯಿತು ಎಂದರೆ ತಪ್ಪಲ್ಲ.

ಮೊದಲೇ ಕಾಣುವ ಸುಳಿವು

ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಪ್ರತಿ ತಿಂಗಳು ಹೊರತರುವ ದೇಶೀಯ ಸಂಚಾರ ವರದಿ ಉಚಿತ. ಅದರಲ್ಲಿ ಸೀಟು ತುಂಬಿದ ಶೇಕಡಾವಾರಿಗಿಂತ ರದ್ದತಿಯ ಕಾಲಮ್ಮನ್ನು ನೋಡಿ. ರದ್ದತಿ ಮೂರು ತಿಂಗಳು ಸತತವಾಗಿ ಏರಿದರೆ, ಕಾರಣದ ಜಾಗದಲ್ಲಿ 'ತಾಂತ್ರಿಕ' ಎಂಬುದು ದೊಡ್ಡದಾಗುತ್ತಿದ್ದರೆ, ಬಿಡಿಭಾಗಕ್ಕೆ ದುಡ್ಡಿಲ್ಲ ಅಥವಾ ಎಂಜಿನ್ ಇಲ್ಲ ಎಂದು ಅನುಮಾನಿಸಬಹುದು. ಷೇರುಪೇಟೆಯಲ್ಲಿರುವ ಕಂಪನಿಯಾದರೆ ವಾರ್ಷಿಕ ವರದಿಯಲ್ಲಿ ಲಾಭ-ನಷ್ಟದ ಪುಟ ಬಿಟ್ಟು ಆಡಿಟರ್ ವರದಿಯ ಅನುಬಂಧಕ್ಕೆ ಹೋಗಿ. ಅಲ್ಲಿ ಏಳನೇ ಅಂಶದಲ್ಲಿ, ಆರು ತಿಂಗಳು ಮೀರಿದ ಪಿಎಫ್, ಟಿಡಿಎಸ್ ಬಾಕಿ ಇದ್ದರೆ ಬರೆದಿರಲೇಬೇಕು. ಸಂಬಳದಿಂದ ಹಿಡಿದ ದುಡ್ಡನ್ನೂ ಕಟ್ಟದ ಕಂಪನಿಯ ಕೈ ಖಾಲಿ ಎಂದೇ ಅರ್ಥ. ಎಣ್ಣೆ ಕಂಪನಿಗಳು ಸಾಲ ನಿಲ್ಲಿಸಿ 'ದುಡ್ಡು ಕೊಟ್ಟು ತುಂಬಿಸಿಕೊಳ್ಳಿ' ಎಂದ ಸುದ್ದಿ ಬಂದರೆ ದೂರದ ದಿನಾಂಕಕ್ಕೆ ಬುಕ್ ಮಾಡಲೇಬೇಡಿ.

ಆರು ತಿಂಗಳ ಮುಂದಿನ ಟಿಕೆಟ್ಟನ್ನು ದಿಢೀರನೆ ಅರ್ಧ ದರಕ್ಕೆ ಮಾರುವುದೂ ಎರಡು ಬಗೆಯದ್ದು. ಮಳೆಗಾಲದ ಖಾಲಿ ಸೀಟಿಗಾದರೆ ಮಾಮೂಲು. ಜನ ಹೇಗೂ ಕೊಳ್ಳುವ ದೀಪಾವಳಿ ವಾರದ ಸೀಟಿಗೂ ರಿಯಾಯಿತಿ ಕೊಟ್ಟರೆ, ನಾಳಿನ ದುಡ್ಡಿನಿಂದ ಇಂದಿನ ಇಂಧನ ಕೊಳ್ಳುತ್ತಿದ್ದಾರೆ.

ಮುಂಗಡ ಕೊಟ್ಟಾಗಿದ್ದರೆ

ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಬ್ಯಾಂಕಿಗೆ 'ಸೇವೆ ಸಿಗಲಿಲ್ಲ' ಎಂದು ಚಾರ್ಜ್‌ಬ್ಯಾಕ್ (ಕಾರ್ಡ್ ಪಾವತಿ ವಾಪಸ್) ದೂರು ಹಾಕಿ. ಪ್ರಯಾಣದ ದಿನಾಂಕದಿಂದ ಸಾಮಾನ್ಯವಾಗಿ 120 ದಿನದ ಗಡುವು, ಬ್ಯಾಂಕ್ ಇನ್ನೂ ಕಡಿಮೆ ಹೇಳಬಹುದು, ಆದ್ದರಿಂದ ತಡಮಾಡಬೇಡಿ. ಯುಪಿಐಗೆ ಇಷ್ಟು ಗಟ್ಟಿ ದಾರಿ ಇಲ್ಲ. ರದ್ದತಿಯ ಎಸ್ಸೆಮ್ಮೆಸ್, ಪಿಎನ್‌ಆರ್, ಪಾವತಿಯ ಸ್ಕ್ರೀನ್‌ಶಾಟ್ ಅವತ್ತೇ ಉಳಿಸಿಕೊಳ್ಳಿ. ಕಂಪನಿಯ ವೆಬ್‌ಸೈಟ್ ಯಾವತ್ತು ನಿಲ್ಲುತ್ತದೋ ಹೇಳಲಾಗದು. ಹಣದ ಬದಲಿಗೆ ಕೊಡುವ 'ಕ್ರೆಡಿಟ್ ಶೆಲ್' (ಮುಂದಿನ ಟಿಕೆಟ್ಟಿಗೆ ಬಳಸುವ ಜಮೆ) ಒಪ್ಪಿಕೊಂಡರೆ ಚಾರ್ಜ್‌ಬ್ಯಾಕ್ ವಾದ ಸಡಿಲಾಗುತ್ತದೆ. 2023ರ ಮೇನಲ್ಲಿ ಗೋ ಫಸ್ಟ್ ಮಾಡಿದಂತೆ ಕಂಪನಿ ದಿವಾಳಿ ಅರ್ಜಿ ಹಾಕಿದರೆ, ದಿವಾಳಿ ಪ್ರಕ್ರಿಯೆ ನಡೆಸಲು ನೇಮಕವಾದ ಪರಿಹಾರ ವೃತ್ತಿಪರರ (ರೆಸಲ್ಯೂಷನ್ ಪ್ರೊಫೆಷನಲ್) ಬಳಿ ಕ್ಲೇಮ್ ಸಲ್ಲಿಸಬೇಕು. ಆ ಸಾಲಿನಲ್ಲಿ ಅಡಮಾನ ಹಿಡಿದ ಬ್ಯಾಂಕು, ನೌಕರರು ಮುಂದೆ, ಪ್ರಯಾಣಿಕರು ಬಹಳ ಹಿಂದೆ. ಅದಕ್ಕೇ ಚಾರ್ಜ್‌ಬ್ಯಾಕ್ ಮೊದಲು, ಕ್ಲೇಮ್ ಆಮೇಲೆ. ಬ್ಯಾಂಕಿನಿಂದ ಹಣ ವಾಪಸಾಗಿದ್ದರೆ ಆ ಮೊತ್ತವನ್ನು ಕ್ಲೇಮ್‌ನಲ್ಲಿ ಮತ್ತೆ ಕೇಳಬೇಡಿ.