ಕಾಣೆಯಾದ ಅಕ್ಷರದ ಜಾಗ

ಎರಡು ಪದ ಕುಗ್ಗಿ ಒಂದಾದ ಇಂಗ್ಲಿಷಿನ ‘ಡೋಂಟ್’, ‘ಐಯಾಮ್’, ‘ಇಟ್ಸ್’ ಮಕ್ಕಳ ಬಾಯಲ್ಲಿ ಸಲೀಸಾಗಿ ಬರುತ್ತವೆ. ಎಡವುವುದು ಬರೆಯುವಾಗ. ಹಾಗಾಗಿ ಮೊದಲು ಪೆನ್ಸಿಲ್ ಬದಿಗಿಡಿ.

ಕನ್ನಡದಿಂದಲೇ ಶುರು ಮಾಡಿ. ‘ಮಾತು ಇಲ್ಲ’ ಅನ್ನುವುದನ್ನು ಬೇಗಬೇಗ ಹೇಳಿಸಿ. ‘ಮಾತಿಲ್ಲ’ ಆಗುತ್ತದೆ. ‘ಉ ಎಲ್ಲಿ ಹೋಯ್ತು?’ ಅಂತ ಕೇಳಿ. ಇದು ಲೋಪಸಂಧಿ, ಆದರೆ ಆ ಹೆಸರು ಈಗಲೇ ಬೇಡ. ಮಾತು ಓಡುವಾಗ ಒಂದು ಸದ್ದು ಉದುರುತ್ತದೆ ಅಂತ ಗೊತ್ತಾದರೆ ಸಾಕು. ಕನ್ನಡದಲ್ಲಿ ಉದುರಿದ್ದಕ್ಕೆ ಗುರುತು ಹಾಕುವುದಿಲ್ಲ. ಇಂಗ್ಲಿಷಿನಲ್ಲಿ ಹಾಕುತ್ತಾರೆ, ಅದೇ ಅಪಾಸ್ಟ್ರಫಿ (’).

ಈಗ ಕಾಗದದ ಚೂರುಗಳು. ‘ಡೂ ನಾಟ್’ಗೆ ಡಿ, ಓ, ಎನ್, ಓ, ಟಿ ಎಂದು ಇಂಗ್ಲಿಷ್ ಅಕ್ಷರಗಳ 5 ಚೂರು. ಅಪಾಸ್ಟ್ರಫಿಗೆ ಇನ್ನೊಂದು, ಬೇರೆ ಬಣ್ಣದ್ದು. ಎರಡೂ ಪದಗಳನ್ನು ಒತ್ತಾಗಿ ಸೇರಿಸಿ. ಎರಡನೆಯ ‘ಓ’ವನ್ನು ಮಗುವೇ ತೆಗೆದು, ಖಾಲಿಯಾದ ಅದೇ ಜಾಗದಲ್ಲಿ ಬಣ್ಣದ ಚೂರು ಇಡಲಿ.

ಇಲ್ಲೇ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಬಹಳ ಮಕ್ಕಳು ಗುರುತನ್ನು ‘ಎನ್’ಗಿಂತ ಮುಂಚೆಯೇ ಇಟ್ಟುಬಿಡುತ್ತಾರೆ. ಎರಡು ಪದ ಅಂಟಿಸಿದ ಜಾಗಕ್ಕೆ ಆ ಗುರುತು ಅಂತ ಅವರ ಲೆಕ್ಕ. ಪಾಪ, ‘ಐಯಾಮ್’ನಲ್ಲಿ ಆ ಲೆಕ್ಕ ಸರಿಯಾಗಿಯೇ ಬರುತ್ತದೆ! ಅಲ್ಲಿ ಅಂಟಿದ ಜಾಗವೂ ಅಕ್ಷರ ಬಿದ್ದ ಜಾಗವೂ ಒಂದೇ. ಅದಕ್ಕೇ ನಾನು ‘ಐಯಾಮ್’ನಿಂದ ಶುರು ಮಾಡುವುದಿಲ್ಲ. ‘ಡೋಂಟ್’, ‘ಇಸಂಟ್’, ‘ಡಿಡಂಟ್’ ಮೊದಲು. ಅಂಟಲ್ಲ, ಕಾಣೆಯಾದ ಅಕ್ಷರದ ಜಾಗ ಅಂತ ಮನಸ್ಸಿಗೆ ಕೂತ ಮೇಲೆ ಉಳಿದವು.

‘ವಿಲ್ ನಾಟ್’ ಕುಗ್ಗಿದ ‘ವೋಂಟ್’ ಮಾತ್ರ ಚೂರುಗಳ ಆಟಕ್ಕೆ ಸಿಗುವುದಿಲ್ಲ. ‘ವಿಲ್’ಗೆ ಹಿಂದೆ ‘ವೋಲ್’ ಎಂಬ ರೂಪವೂ ಇತ್ತು, ಅದರ ಗುರುತು ಇಲ್ಲಿ ಉಳಿದಿದೆ. ಇದನ್ನು ಸುಮ್ನೆ ನೆನಪಿಟ್ಟುಕೊಳ್ಳಲಿ.

‘ಇಟ್ಸ್’ ಬಂದಾಗ ಬಿಡಿಸಿ ಓದಿಸಿ. ‘ಇಟ್ಸ್ ರೇನಿಂಗ್’ ಬಿಡಿಸಿದರೆ ‘ಇಟ್ ಈಸ್ ರೇನಿಂಗ್’, ಅರ್ಥ ನಿಲ್ಲುತ್ತದೆ, ಗುರುತು ಬೇಕು. ‘ದ ಡಾಗ್ ವ್ಯಾಗ್ಡ್ ಇಟ್ಸ್ ಟೇಲ್’ ಎಂಬಲ್ಲಿ ‘ಇಟ್ ಈಸ್ ಟೇಲ್’ ಅಂದರೆ ಮಗುವೇ ನಗುತ್ತದೆ. ಅಲ್ಲಿ ‘ಇಟ್ಸ್’ ಅಂದರೆ ‘ಅದರ’, ಗುರುತು ಬೇಡ. ‘ಇಟ್ಸ್ ಬೀನ್’ ಥರದ ಕಡೆ ಒಳಗಿರುವುದು ‘ಹ್ಯಾಸ್’. ಅದು ಇನ್ನೊಂದು ದಿನಕ್ಕಿರಲಿ.

ಇಷ್ಟಾದ ಮೇಲೆ ಮಕ್ಕಳು ಸಿಕ್ಕಿದ್ದನ್ನೆಲ್ಲ ಕುಗ್ಗಿಸಲು ಶುರು ಮಾಡುತ್ತಾರೆ. ‘ಆರ್ ಯೂ ರೆಡಿ?’ ಅಂದರೆ ‘ಯೆಸ್, ಐಯಾಮ್’ ಅಂತ ಬರೆಯುತ್ತಾರೆ. ವಾಕ್ಯ ಅಲ್ಲಿಗೇ ಮುಗಿದರೆ ‘ಯೆಸ್, ಐ ಆಮ್’ ಎಂದು ಬಿಡಿಯಾಗಿಯೇ ಬರೆಯಬೇಕು. ‘ನೋ, ಐ ಡೋಂಟ್’ ಮಾತ್ರ ಕೊನೆಯಲ್ಲೂ ನಡೆಯುತ್ತದೆ. ಎರಡನ್ನೂ ಜೋರಾಗಿ ಹೇಳಿಸಿ, ಕಿವಿಗೇ ಗೊತ್ತಾಗುತ್ತದೆ.